ಹಾರ ತುರಾಯಿ ಮುಗಿಯುವಷ್ಟರಲ್ಲಿ

ಬೈಲಹೊಂಗಲದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಅಲ್ಲಿಗೆ ಬರುವವರಲ್ಲಿ ಅರ್ಧ ಜನ ಸಿಟ್ಟಿನಲ್ಲೇ ಬರುತ್ತಾರೆ, ಉಳಿದವರಿಗೆ ನಾನೇ ಸಿಟ್ಟು ತರಿಸಿ ಕಳಿಸುತ್ತೇನೆ. ಇಂಥವಳನ್ನು ಸ್ಟಾರ್ಟಪ್ ಸಮಾವೇಶಕ್ಕೆ ಸ್ವಯಂಸೇವಕಿಯಾಗಿ ಕರೆಯಬೇಕೆಂದು ಯಾವ ಪುಣ್ಯಾತ್ಮನಿಗೆ ಹೊಳೆಯಿತೋ! ನಾನು ಒಪ್ಪಿಕೊಂಡಿದ್ದು ಊರು ಉದ್ಧಾರವಾಗಲಿ ಅಂತಲ್ಲ. ಮೈಕಿನ ಭಾಯಿ ಅಲ್ಲಿ ಮಾತಾಡುವವರಿದ್ದರು, ಅದಕ್ಕೆ.

ಊರೆಲ್ಲ ಅವರನ್ನು ಹಾಗೇ ಕರೆಯುತ್ತಿತ್ತು. ಆಟೋಗೆ ಧ್ವನಿವರ್ಧಕದ ಎರಡು ಕರ್ಣಿ ಕಟ್ಟಿಕೊಂಡು ಕಿತ್ತೂರಿನಿಂದ ರಾಮದುರ್ಗದವರೆಗೆ ಕೂಗುತ್ತ ತಿರುಗುವುದು ಅವರ ಕೆಲಸ. ಸೀರೆ ಮಾರಾಟ, ಕಣ್ಣಿನ ತಪಾಸಣೆ, ಕಳೆದುಹೋದ ಎಮ್ಮೆ, ತೀರಿಕೊಂಡವರ ಮಣ್ಣು ಎಷ್ಟೊತ್ತಿಗೆ ಅನ್ನುವುದು, ಎಲ್ಲವೂ ಅವರ ಬಾಯಿಂದಲೇ ಊರಿಗೆ ಗೊತ್ತಾಗಬೇಕು. ಕರಪತ್ರ ಮಾಡಿಸಲು ನನ್ನಲ್ಲಿಗೆ ಬರುತ್ತಿದ್ದರು. ಚಹಾ ತರಿಸಿದರೆ ಮೊದಲು ನನಗೆ ಕೊಟ್ಟು ಆಮೇಲೆ ತಾವು ಕುಡಿಯುವ ಮನುಷ್ಯ.

ಕಳೆದ ವರ್ಷ ಅವರ ದನಿ ಒಡೆಯತೊಡಗಿತು. ಧೂಳು, ನೆಗಡಿ ಅಂತ ತಿಂಗಳುಗಟ್ಟಲೆ ಕಾಲ ತಳ್ಳಿದರು. ಒಂದು ದಿನ ಬಂದವರು, ಮಷೀನ್ ಗರಗರ ತಿರುಗುತ್ತಿರುವಾಗ, ಹೊರಗಿನವರಿಗೆ ಕೇಳದ ಹಾಗೆ ಹೇಳಿದರು.

"ಅಕ್ಕಾರ, ಗಂಟಲದಾಗ ಗಡ್ಡಿ ಐತೆಂತ. ಹುಬ್ಬಳ್ಳಿ ಡಾಕ್ಟರ್ ಧ್ವನಿಪೆಟ್ಟಿಗಿನ ತಗೀಬೇಕ ಅಂದ್ರು. ಜೀವಕ್ಕೇನ ಆಗೂದಿಲ್ಲಂತ. ದನಿ ಅಷ್ಟ ಹೋಗತೈತಿ."

ದನಿ ಅಷ್ಟ! ಅತ್ತರೆ ಅವರಿಗೆ ಕಷ್ಟ ಅಂತ ಕಾಗದ ಜೋಡಿಸುತ್ತ ನಿಂತೆ.

ಅವರು ಆಗಲೇ ಒಂದು ದಾರಿ ಯೋಚಿಸಿದ್ದರು. ಉಳಿದ ದನಿಯನ್ನು ಮೊಬೈಲಿನಲ್ಲಿ ಹಿಡಿದಿಡುವುದು. ಮನೋಳಿ, ಕಟಕೋಳ, ದೊಡವಾಡ ಅಂತ ಊರಿನ ಹೆಸರುಗಳು, ವಾರಗಳು, ಗಂಟೆಗಳು, 'ನೀರ ಬರತೈತಿ', 'ಬಸ್ ತಡಾ ಐತಿ', 'ತೀರಿಕೊಂಡಾರ' ಅನ್ನುವ ತುಣುಕುಗಳು. ಬೇಕಾದ ತುಣುಕುಗಳನ್ನು ಜೋಡಿಸಿದರೆ ಒಂದು ಸುದ್ದಿ. ಆ ಸುದ್ದಿ ಫೋನಿನಲ್ಲಿ, ಓದಲು ಬಾರದವರ ಕಿವಿಗೆ ಹೋಗಬೇಕು. ಜೋಡಿಸುವ ಕೆಲಸ ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ನಾವಿಬ್ಬರೇ ಮಾಡಿದೆವು. ಮೊದಲ ಕರೆ ಅವರ ಹೆಂಡತಿಗೆ ಹೋಯಿತು. ಆಕೆ, "ಮನ್ಯಾಗ ಕುಂತ ಹೇಳಾಕ ಏನಾಗೇತಿ ನಿಮಗ, ಫೋನ್ ಯಾಕ?" ಅಂತ ಬೈದಿದ್ದು ಕೇಳಿ ಇಬ್ಬರೂ ಬಿದ್ದುಬಿದ್ದು ನಕ್ಕೆವು.

ಸಮಾವೇಶಕ್ಕೆ ಬೆಂಗಳೂರಿನಿಂದ ಮೂವರು ತೀರ್ಪುಗಾರರು ಬರುವವರಿದ್ದರು. ವೇದಿಕೆ ಮೇಲೆ ನಿಂತು ಐದು ನಿಮಿಷದಲ್ಲಿ ತಮ್ಮ ಯೋಚನೆ ಹೇಳಿದವರಲ್ಲಿ ಒಬ್ಬರನ್ನು ಆರಿಸಿ, ಅದು ಬೆಳೆಯುವವರೆಗೆ ಜೊತೆಗಿದ್ದು ನೆರವು ಕೊಡುತ್ತೇವೆ ಅಂದಿದ್ದರು. ಭಾಯಿಯ ಆಪರೇಷನ್ ಸಮಾವೇಶದ ಮುಂದಿನ ವಾರ. ಅವರ ಪರವಾಗಿ ನಾನು ಮಾತಾಡುತ್ತೇನೆ ಅಂದೆ. ಭಾಯಿ ಒಪ್ಪಲಿಲ್ಲ.

"ದನಿ ಇದ್ದಾಗ ನಂದು ನಾನ ಹೇಳತೇನಿ. ಇಷ್ಟ ವರ್ಷ ಮಂದೀದ ಒದರೇನಿ. ಒಮ್ಮೆರ ನಂದ ಹೇಳಬೇಕಲ್ಲ?"

ದನಿ ಬೇಗ ದಣಿಯುತ್ತದೆ, ಮೊದಲ ಸರದಿ ಕೊಡಿ ಅಂತ ಸಂಘಟಕರೊಬ್ಬರಿಗೆ ಮಾತ್ರ ರೋಗದ ವಿಷಯ ತಿಳಿಸಿದರು. ಟ್ರ್ಯಾಕ್ಟರ್ ಶೋರೂಮಿನ ಆ ಯುವಕ ಒಳ್ಳೆಯವನೇ. ಕಣ್ಣಲ್ಲಿ ನೀರು ತಂದುಕೊಂಡು, "ನೀವ ಮೊದಲು, ಭಾಯಿ" ಅಂದ.

ಸಮಾವೇಶ ಇದ್ದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಮಾತಾಡುವವರಿಗೆ 'ಒಂದು ನಿಮಿಷ ಬಾಕಿ' ಅಂತ ರಟ್ಟು ಎತ್ತಿ ತೋರಿಸುವುದು ನನ್ನ ಕೆಲಸ. ಬೆಳಿಗ್ಗೆ ಹೋಗಿ ನೋಡಿದರೆ ನಿರೂಪಣೆಗೆ ಬರಬೇಕಿದ್ದ ಕಾಲೇಜಿನ ಮೇಡಮ್ಮು ಮಗುವಿಗೆ ಜ್ವರ ಅಂತ ಬಂದಿರಲಿಲ್ಲ. ಸಂಘಟಕ ಭಾಯಿಯ ಕೈಗೆ ಮೈಕ್ ಇಟ್ಟ.

"ಉದ್ಘಾಟನಾ ಮುಗಿಯೂತನಕ ಅಷ್ಟ, ಭಾಯಿ. ನಿಮ್ಮಷ್ಟ ಚಂದ ಯಾರ ಹೇಳ್ತಾರ್ರಿ?"

"ಅವರಿಗೆ ಡಾಕ್ಟರ್ ದನಿ ಉಳಿಸಾಕ ಹೇಳ್ಯಾರ, ನಿನಗ ಗೊತ್ತೈತಲ್ಲೋ!" ಅಂತ ನಾನು ಹಾರಿಬಿದ್ದೆ. ಭಾಯಿ ಕಣ್ಣಲ್ಲೇ ನನ್ನನ್ನು ಸುಮ್ಮನಿರಿಸಿದರು.

ನಮ್ಮ ಕಡೆಯ ಉದ್ಘಾಟನೆ ಅಂದರೆ ಗೊತ್ತಲ್ಲ, ಅದೊಂದು ಮದುವೆ. ದೀಪ ಹಚ್ಚಿದ್ದು ಬೇಗ ಮುಗಿಯಿತು. ಆಮೇಲೆ ಶುರುವಾಯಿತು ನೋಡಿ ಹಾರ ತುರಾಯಿ. ಬೆಂಗಳೂರಿನವರಿಗೆ ಶಾಲು, ರುಮಾಲು, ಹಣ್ಣಿನ ಬುಟ್ಟಿ. ಅವರಿಗೆ ಮಾಡಿ ಊರ ಹಿರಿಯರನ್ನು ಬಿಡುವುದು ಹೇಗೆ? ಬೈಲಹೊಂಗಲದವರಿಗೆ ಮಾಡಿದರೆ ಸವದತ್ತಿಯವರು ಏನು ಪಾಪ ಮಾಡಿದ್ದರು? ಊಟ ಕೊಟ್ಟವರು, ಪೆಂಡಾಲ್ ಹಾಕಿದವರು, ಕುರ್ಚಿ ಕಳಿಸಿದವರು, ಅವರ ಬೀಗರು. ಒಬ್ಬೊಬ್ಬರ ಹೆಸರು, ಬಿರುದು, ತಂದೆಯ ಹೆಸರು ಸಮೇತ ಭಾಯಿಯೇ ಕೂಗಬೇಕು. ರಾಮದುರ್ಗದ ಯಜಮಾನರೊಬ್ಬರು ತಮ್ಮ ಹೆಸರು ಬಿಟ್ಟುಹೋಯಿತೆಂದು ಮುಖ ಊದಿಸಿ ಎದ್ದು ನಡೆದೇಬಿಟ್ಟರು. ಅವರನ್ನು ಬಾಗಿಲಿನಿಂದ ಕರೆತಂದು, ಇನ್ನೊಬ್ಬರಿಗೆ ಹಾಕಿದ್ದ ಶಾಲನ್ನೇ ಮಡಚಿ ಹೊದಿಸಿದ್ದಾಯಿತು. ಸಭೆಯಲ್ಲಿ ಶಾಲು ಹೊದ್ದವರೇ ಹೆಚ್ಚಾದರು. ಥೂ, ಯಾವ ಸ್ಟಾರ್ಟಪ್ಪೋ ಏನೋ!

ಭಾಯಿ ನಡುನಡುವೆ ಬಿಸಿನೀರು ಕುಡಿಯುತ್ತಿದ್ದರು. ದನಿ ಬಾಗಿಲು ನೆಲಕ್ಕೆ ಉಜ್ಜಿದಂತೆ ಕೇಳತೊಡಗಿತ್ತು. ಸನ್ಮಾನ ಮುಗಿಯುತ್ತಲೇ ನಾನು ವೇದಿಕೆ ಹತ್ತಿ, ಈಗ ಭಾಯಿದು ಅಂದೆ. ಸಂಘಟಕ ಕೈ ಮುಗಿದ.

"ಅಕ್ಕಾರ, ಹೊರಗಿಂದ ಬಂದ ಹುಡುಗರು ಮೊದಲು ಮುಗಸಲಿ. ನಮ್ಮ ಮನಿ ಮಂದಿ ಕಡೀಗೆ ಅಲ್ಲೇನ್ರಿ ಉಣ್ಣೂದು?"

ಅದಕ್ಕೆ ನಾನು ಉತ್ತರ ಕೊಡುವ ಮೊದಲೇ ಭಾಯಿ, "ಖರೇ ಐತಿ, ಬರಲಿ ಅವರು" ಅಂದುಬಿಟ್ಟರು. ಹೀಗೆ ತಮ್ಮ ಸರದಿಯನ್ನು ತಾವೇ ಬಿಟ್ಟುಕೊಟ್ಟು, ಹೊರಗಿನಿಂದ ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಕರೆದರು. ಧಾರವಾಡದ ಹುಡುಗರು ನನ್ನ ರಟ್ಟನ್ನು ಕಣ್ಣೆತ್ತಿಯೂ ನೋಡಲಿಲ್ಲ. ನಾನು ಅದನ್ನು ಮೇಜಿಗೆ ಬಡಿದೆ. ಆಗಲೂ ನೋಡಲಿಲ್ಲ.

ಕಡೆಗೆ ಭಾಯಿಯ ಸರದಿ ಬಂದಾಗ ತೀರ್ಪುಗಾರರು ಗಡಿಯಾರ ನೋಡುತ್ತಿದ್ದರು. ಹುಬ್ಬಳ್ಳಿಯಲ್ಲಿ ಅವರ ವಿಮಾನಕ್ಕೆ ಹೊತ್ತಾಗಿತ್ತು. ಭಾಯಿ ಅಂಗಿ ಜಗ್ಗಿ ಸರಿಮಾಡಿಕೊಂಡು, ತುಣುಕುಗಳಿದ್ದ ಮೊಬೈಲ್ ಕೈಯಲ್ಲಿ ಹಿಡಿದು ನಡುವೆ ಬಂದು ನಿಂತರು. ಆಗ ಸಂಘಟಕ ಅವರ ಕೈಯಿಂದ ಮೈಕ್ ತೆಗೆದುಕೊಂಡ. ನಮ್ಮ ಈ ಭಾಯಿಗೆ ಎಂಥ ರೋಗ, ಮುಂದಿನ ವಾರ ಏನು ಆಪರೇಷನ್, ಅದನ್ನೆಲ್ಲ ನುಂಗಿಕೊಂಡು ಬೆಳಗಿನಿಂದ ನಮಗಾಗಿ ಹೇಗೆ ದುಡಿದರು ಅಂತ ಗದ್ಗದ ದನಿಯಲ್ಲಿ ಹೇಳುತ್ತ ಹೋದ. ಎಲ್ಲಿಂದಲೋ ಹೊಸ ಶಾಲು ಬಂತು, ಹಾರ ಬಂತು. ರುಮಾಲು ಸುತ್ತಿದರು. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ತೀರ್ಪುಗಾರ ಹೆಣ್ಣುಮಗಳು ಕಣ್ಣೊರೆಸಿಕೊಂಡು ಬಂದು ಭಾಯಿಯ ಕೈ ಹಿಡಿದು ಏನೋ ಒಳ್ಳೆಯ ಮಾತು ಹೇಳಿದಳು. ಫೋಟೋ ಆಯಿತು.

"ನಂದು..." ಅಂದರು ಭಾಯಿ, ಮೊಬೈಲ್ ತೋರಿಸುತ್ತ.

"ನೀವು ದಣೀಬ್ಯಾಡ್ರಿ ಭಾಯಿ, ಕುಂಡ್ರರಿ, ಕುಂಡ್ರರಿ" ಅಂತ ಸಂಘಟಕ ಅವರನ್ನು ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದ. ಒಬ್ಬ ಮನುಷ್ಯನ ಬಾಯಿ ಮುಚ್ಚಿಸಲು ಶಾಲಿನಷ್ಟು ಮೆತ್ತನೆಯದು ಬೇರೊಂದಿಲ್ಲ ಅಂತ ನನಗೆ ಅವತ್ತು ಗೊತ್ತಾಯಿತು.

ನಾನು ತೀರ್ಪುಗಾರರ ಹಿಂದೆ ಓಡಿದೆ. ಅವರು ಆಗಲೇ ಕಾರಿನಲ್ಲಿ ಕೂತಿದ್ದರು. "ಐದು ನಿಮಿಷ ಕೇಳಿ ಹೋಗ್ರಿ, ನಿಮ್ಮ ಕಾಲಿಗೆ ಬೀಳ್ತೇನಿ" ಅಂದೆ. ಮೇಲ್ ಮಾಡಿ ಅಂದರು. ಆದರೆ ಕಾರು ಹೊರಡುವಂತಿರಲಿಲ್ಲ. ಯಾರೋ ಗೇಟಿಗೆ ಅಡ್ಡವಾಗಿ ಬಿಳಿ ಕಾರು ನಿಲ್ಲಿಸಿ ಊಟಕ್ಕೆ ಹೋಗಿದ್ದರು. ದೇವರೇ ತಡೆದ ಅಂದುಕೊಂಡು ನಾನು ಮತ್ತೆ ಒಳಗೆ ಓಡಿದೆ, ಭಾಯಿಯನ್ನು ಕರೆತರಲು.

ಅಷ್ಟರಲ್ಲಿ ಯಾರೋ ಅವರ ಕೈಗೆ ಮೈಕ್ ಕೊಟ್ಟಿದ್ದರು. ಅಂಗಳದ ಕರ್ಣಿಗೂ ಅದೇ ಮೈಕಿನ ಸಂಪರ್ಕವಿತ್ತು. ಅಲ್ಲಿ ಮಾತಾಡಿದ್ದು ಕಾರಿನಲ್ಲಿ ಕೂತವರಿಗೂ ಕೇಳುತ್ತಿತ್ತು, ಅವರು ಎಲ್ಲಿಗೂ ಹೋಗುವಂತಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ಎರಡೂ ಕೈ ಎತ್ತಿದೆ. "ನಿಮ್ಮದ ಹೇಳ್ರಿ ಭಾಯಿ! ಈಗ ಹೇಳ್ರಿ, ನಿಮ್ಮದ!"

ಭಾಯಿ ನನ್ನನ್ನು ನೋಡಿದರು. ಶಾಲು ಸರಿಸಿಕೊಂಡರು. ಗಂಟಲು ಸರಿಪಡಿಸಿಕೊಂಡರು.

"ಗೇಟಿನ ಮುಂದ ಬಿಳಿ ಗಾಡಿ ನಿಂದರಿಸಿದವರು ಲಗೂನ ಬಂದು ಗಾಡಿ ತಗೀರಿ. ಅತಿಥಿಗಳಿಗೆ ತಡಾ ಆಗಾಕ ಹತ್ತೇತಿ."

ರೂಢಿಯಂತೆ ಎರಡು ಸಲ ಹೇಳಿದರು. ಎರಡನೆಯ ಸಲ ನಡುವೆ ದನಿ ಕಟ್ಟಿತು, ಆದರೂ ನಿಲ್ಲಿಸದೆ ಪೂರ್ತಿ ಹೇಳಿದರು. ಒಬ್ಬ ಎಂಜಲು ಕೈಯಲ್ಲೇ ಓಡಿಬಂದು ಗಾಡಿ ತೆಗೆದ. ಬೆಂಗಳೂರಿನವರ ಕಾರು ಹೋಯಿತು. ಮುಂದಿನ ವಾರ ಆಪರೇಷನ್ ಆಯಿತು. ಭಾಯಿ ಬಾಯಿಬಿಟ್ಟು ಊರಿಗೆ ಹೇಳಿದ ಕೊನೆಯ ಮಾತು ಅದೇ.