ಪಾಗಾರದ ಸಂದಿಯ ಡಬ್ಬಿ

ಡಬ್ಬಿ ಅಡಗಿಸಿಡುವುದು ನನ್ನ ಹವ್ಯಾಸವಾಗಿತ್ತು. ಹೀಗೆ ಹೇಳಿದರೆ ಜನ ಮುಖಮುಖ ನೋಡುತ್ತಾರೆ, ಅದಕ್ಕೆ ಮೊದಲೇ ಬಿಡಿಸಿ ಹೇಳಿಬಿಡುತ್ತೇನೆ. ಜಿಯೋಕ್ಯಾಶಿಂಗ್ ಅಂತ ಒಂದು ಆಟ. ನೀರು ಹೋಗದ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಸುರುಳಿ ಸುತ್ತಿದ ಕಾಗದ, ನಾಲ್ಕಾರು ಚಿಲ್ಲರೆ ಸಾಮಾನು ಹಾಕಿ ಎಲ್ಲಾದರೂ ಅಡಗಿಸಬೇಕು. ಆ ಜಾಗ ಭೂಪಟದಲ್ಲಿ ಎಲ್ಲಿ ಬರುತ್ತದೆ ಎಂಬುದನ್ನು ಆಟದ ವೆಬ್‌ಸೈಟಿಗೆ ಹಾಕಬೇಕು. ಗುರುತು ಪರಿಚಯ ಇಲ್ಲದ ಯಾರೋ ಫೋನ್ ಹಿಡಿದುಕೊಂಡು ಬಂದು, ಹುಡುಕಿ, ಕಾಗದದ ಮೇಲೆ ಹೆಸರು ಬರೆದು, ಮನಸ್ಸಾದರೆ ಒಂದು ಸಾಮಾನು ತೆಗೆದುಕೊಂಡು ಇನ್ನೊಂದು ಹಾಕಿ, ಇದ್ದಲ್ಲೇ ಇಟ್ಟು ಹೋಗುತ್ತಾರೆ. ಅಷ್ಟೇ. ಬಹುಮಾನ ಗಿಹುಮಾನ ಏನೂ ಇಲ್ಲ. “ಇದ್ರಿಂದ ಎಂತ ಲಾಭ?” ಎಂದು ಕೇಳಿದವರಿಗೆ, “ಕ್ರಿಕೆಟ್ ನೋಡಿ ನಿಮಗೆ ಎಂತ ಸಿಕ್ತು?” ಎಂದು ತಿರುಗಿ ಕೇಳುತ್ತಿದ್ದೆ. ನನ್ನ ಬಾಯಿ ಮೊದಲಿನಿಂದಲೂ ಹಾಗೆಯೇ.

ನಾನಿರುವುದು ಹೊನ್ನಾವರದಲ್ಲಿ, ಬಾಡಿಗೆ ಮನೆಯಲ್ಲಿ, ಒಬ್ಬಳೇ. ಭಾನುವಾರ ಸ್ಕೂಟರ್ ತೆಗೆದುಕೊಂಡು ಹೊರಟರೆ ಕುಮಟಾ ಕಡೆಯ ಬಂಡೆ, ಜಾಲಿಯ ಸಮುದ್ರದಂಡೆ ಎಲ್ಲ ನನ್ನದೇ. ಆದರೆ ನಮ್ಮ ಕಡೆ ಗುಟ್ಟಾಗಿ ಒಂದು ವಸ್ತು ಇಡುವುದು ಸುಲಭವಲ್ಲ. ರಸ್ತೆ ಬದಿಯಲ್ಲಿ ಬಗ್ಗಿದರೆ ಸಾಕು, “ಎಂತ ಬಿತ್ತು?” ಎಂದು ಕೇಳಲು ಯಾರಾದರೂ ಹಾಜರಾಗುತ್ತಾರೆ. ಕುಮಟಾದಲ್ಲಿ ಇಟ್ಟ ಮೊದಲ ಡಬ್ಬಿಯನ್ನು ಯಾರೋ ಗಾಳದ ಕೊಕ್ಕೆ ಹಾಕಿಡಲು ಒಯ್ದುಬಿಟ್ಟರು. ಕಾಗದವನ್ನು ಮಾತ್ರ ಅಲ್ಲೇ ಕಲ್ಲಿನ ಕೆಳಗೆ ಇಟ್ಟು ಹೋಗಿದ್ದರು, ಪುಣ್ಯಾತ್ಮರು. ಜಾಗದ ಯಜಮಾನರ ಒಪ್ಪಿಗೆ ಬೇಕೆಂದು ಆಟದ ನಿಯಮವೇ ಇದೆ. ಹಾಗಾಗಿ ಒಂದನ್ನಾದರೂ ನಮ್ಮವರ ಜಾಗದಲ್ಲಿ ಇಡೋಣ ಎಂದು ಕಾಯ್ಕಿಣಿಗೆ, ಅಕ್ಕನ ಮನೆಗೆ ಹೋದೆ.

ಭಾವ ಮುರ್ಡೇಶ್ವರದ ಲಾಡ್ಜೊಂದರಲ್ಲಿ ಕೆಲಸಕ್ಕಿದ್ದರು. ದಿನವಿಡೀ ಪ್ರವಾಸಿಗರ ತಕರಾರು ಕೇಳಿ ಕೇಳಿ ಯಾವುದಕ್ಕೂ ತಲೆ ಕೆಡಿಸಿಕೊಳ್ಳದ ಮನುಷ್ಯ. ನಾನು ಆಟದ ಬಗ್ಗೆ ಉದ್ದಕ್ಕೆ ವಿವರಿಸಿದೆ. “ಆತು, ಇಡು. ಹಾವೊಂದು ಇಡ್ಬೇಡ ಮಾರಾಯ್ತಿ,” ಎಂದರು. ಮನೆ ಸುತ್ತಲಿನ ಪಾಗಾರ ಚಿರೆಕಲ್ಲಿನ ಗೋಡೆ, ಗದ್ದೆ ಕಡೆ ಅದರ ಒಂದು ಕಲ್ಲು ಸಡಿಲವಾಗಿತ್ತು. ಸಂದಿ ತೋರಿಸಿದವರು ಅವರೇ. ಪಾಗಾರದ ಮೇಲೆ ಹಬ್ಬಿದ್ದ ಬಳ್ಳಿಯ ನೆರಳಿನಲ್ಲಿ ಕಾಣದಿರಲಿ ಎಂದು ನಾನು ಡಬ್ಬಿಗೆ ಕಪ್ಪು ಟೇಪು ಸುತ್ತಿದ್ದೆ. ಇಡುವ ಮೊದಲು ಅವರು ಅದನ್ನು ಕೆನ್ನೆಗೆ ಒತ್ತಿ ಹಿಡಿದು ಹಲ್ಲು ಕಿರಿದರು, ನಾನು ಫೋಟೋ ತೆಗೆದೆ. “ನಿನ್ನ ಅಕ್ಕಂಗೆ ಹೇಳ್ಬೇಡ. ದಿನಾ ತೆಗ್ದು ಒರೆಸಿ ಇಡ್ತಾಳೆ,” ಎಂದರು. ಅದು ನಿಜವೂ ಹೌದು. ಅಕ್ಕನಿಗೆ ಕಣ್ಣಿಗೆ ಕಂಡದ್ದನ್ನೆಲ್ಲ ಒರೆಸುವ ಚಾಳಿ.

ಆಮೇಲೆ ಆ ಡಬ್ಬಿ ನನಗಿಂತ ಹೆಚ್ಚು ಅವರದ್ದಾಯಿತು. ಮುರ್ಡೇಶ್ವರಕ್ಕೆ ಬಂದವರಲ್ಲಿ ಅಪರೂಪಕ್ಕೆ ಯಾರಾದರೂ ಹುಡುಕಿಕೊಂಡು ಬಂದರೆ ಜಗಲಿಯಲ್ಲಿ ಪೇಪರ್ ಓದುವ ಹಾಗೆ ನಟಿಸುತ್ತಾ ನನಗೆ ಫೋನ್ ಮಾಡುತ್ತಿದ್ದರು. “ನಿನ್ನ ಗಿರಾಕಿ ಬಂದಾರೆ ನೋಡು. ಗಂಡ ಬಗ್ಗಿ ಹುಡುಕ್ತಾ ಇದ್ದಾನೆ, ಹೆಂಡ್ತಿ ನಿಂತು ಬೈತಾ ಇದ್ದಾಳೆ.” ಅವರು ಯಾರೆಂದು ಅಕ್ಕ ಕೇಳಿದರೆ, “ಹೈವೇ ಸರ್ವೆಯವರು,” ಎಂದುಬಿಡುತ್ತಿದ್ದರು. ರಸ್ತೆ ಅಗಲ ಮಾಡುವ ಗಲಾಟೆಯಲ್ಲಿ ನಮ್ಮ ಕಡೆ ಯಾರು ಬಂದು ಎಲ್ಲಿ ಇಣುಕಿದರೂ ಸರ್ವೆಯವರೇ. ಅಕ್ಕ ನಂಬಿದಳು. ಬಾಜೂಮನೆಯಾಕೆ ಮಾತ್ರ ಪಾಪ, ಬಿಸಿಲಲ್ಲಿ ಬೆವರುತ್ತಿದ್ದ ಆ ಮಂದಿಗೆ ಕರೆದು ನೀರು ಕೊಡುತ್ತಿದ್ದಳು.

ಈ ಬಾಜೂಮನೆಯಾಕೆಯ ಬಗ್ಗೆ ಹೇಳಬೇಕು. ಅಕ್ಕನಿಗೆ ಮಕ್ಕಳಿಲ್ಲ. ಹೆಚ್ಚುಕಡಿಮೆ ಒಂದೇ ವರ್ಷ ಮದುವೆಯಾಗಿ ಆ ಎರಡು ಮನೆಗಳಿಗೆ ಬಂದ ಈ ಇಬ್ಬರು ಹೆಂಗಸರು ಅವತ್ತಿನಿಂದ ಸಾರು, ಮೀನು, ಸಿಟ್ಟು, ತಲೆನೋವು ಎಲ್ಲವನ್ನೂ ಹಂಚಿಕೊಂಡೇ ಬದುಕಿದವರು. ನಡುವಿನ ಬೇಲಿಯಲ್ಲಿ ದಾಟಿ ಹೋಗಲೆಂದೇ ಒಂದು ದಣಪೆ ಮಾಡಿಸಿಕೊಂಡಿದ್ದರು.

ಭಾವ ಹೋದದ್ದು ಮಳೆ ಶುರುವಾಗುವ ಮೊದಲು. ಎದೆ ಉರಿ ಎಂದು ಸೋಡಾ ಕುಡಿದು ಮಲಗಿದರು. ರಿಕ್ಷಾ ಬಂದು ನಿಲ್ಲುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನಗೆ ಅಳು ಬರಲಿಲ್ಲ. ಬಂದವರಿಗೆಲ್ಲ ಚಹಾ ಮಾಡಿದೆ, ಲೋಟ ತೊಳೆದೆ, ಮತ್ತೆ ಚಹಾ ಮಾಡಿದೆ. ಕೈ ಕಾಲು ಎಲ್ಲ ಬೇರೆ ಯಾರದ್ದೋ ಆಗಿದ್ದವು. ಅಕ್ಕನನ್ನು ಹಿಡಿದುಕೊಂಡದ್ದು, ಗಂಜಿ ಕುಡಿಸಿದ್ದು, ಪಕ್ಕದಲ್ಲಿ ಚಾಪೆ ಹಾಸಿ ಮಲಗಿದ್ದು ಬಾಜೂಮನೆಯಾಕೆ. ಕ್ರಿಯಾಕರ್ಮದ ದಿನಗಳೆಲ್ಲ ಮುಗಿದ ಮೇಲೆ ನಾನು ಹೊನ್ನಾವರಕ್ಕೆ ಕರೆದರೆ ಅಕ್ಕ ಬರಲಿಲ್ಲ. “ಇವಳಿದ್ದಾಳಲೆ, ನಂಗೆ ಎಂತ ಆತು?” ಎಂದಳು. ನಾನು ಕೆಲಸಕ್ಕೆ ವಾಪಸು ಬಂದೆ. ಡಬ್ಬಿಯ ನೆನಪು ನನಗೆ ಒಂದು ಸಲವೂ ಆಗಲಿಲ್ಲ.

ನೆನಪು ಮಾಡಿದವರು ಹುಬ್ಬಳ್ಳಿ ಕಡೆಯ ಒಬ್ಬ ಆಟಗಾರರು. ವೆಬ್‌ಸೈಟಿನಲ್ಲಿ ಆ ಡಬ್ಬಿಯ ಪುಟದ ಕೆಳಗೆ ಬರೆದಿದ್ದರು: ಸಿಗಲಿಲ್ಲ, ಸಂದಿ ಖಾಲಿ ಇದೆ, ಮನೆಯಿಂದ ಒಬ್ಬ ಹೆಂಗಸು ಕೋಲು ಹಿಡಿದು ಬಂದು ನಮ್ಮನ್ನು ಓಡಿಸಿದರು, ದಯವಿಟ್ಟು ನೋಡಿ.

ಭಾನುವಾರ ಹೋದೆ. ಮೊದಲು ಕಣ್ಣಿಗೆ ಬಿದ್ದದ್ದು ದಣಪೆ. ಅದರ ತುಂಬ ಮುಳ್ಳು ತುರುಕಿ ಕಟ್ಟಿತ್ತು. ಅಂಗಳದ ಮೂಲೆಯಲ್ಲಿ ಬೂದಿ, ಬೂದಿಯಲ್ಲಿ ಕರಗಿ ಮುದ್ದೆಯಾದ ನನ್ನ ಡಬ್ಬಿ. ಬಳ್ಳಿ ಸವರಲು ಬಂದ ಆಳಿಗೆ ಅದು ಸಿಕ್ಕಿತಂತೆ. ಅವನು ಕೈಯಲ್ಲಿ ಮುಟ್ಟದೆ ಕೋಲಿನಲ್ಲಿ ದೂಡಿಕೊಂಡು ತಂದನಂತೆ. ಒಳಗೆ ಏನೇನಿತ್ತೆಂದು ಅಕ್ಕ ಹೇಳುತ್ತಾ ಹೋದಳು: ಒಂದು ಕೈ ಮುರಿದ ಸಣ್ಣ ಗೊಂಬೆ, ಕೆಂಪು ದಾರ, ಸೇಫ್ಟಿ ಪಿನ್ನು, ಗುರುತಿಲ್ಲದ ನಾಣ್ಯ, ಓದಲು ಬಾರದ ಹೆಸರುಗಳ ಕಾಗದ. ಒಬ್ಬೊಬ್ಬರು ಒಂದೊಂದು ದಿನ ಮೋಜಿಗೆ ಹಾಕಿ ಹೋದ ಸಾಮಾನು. ಎಲ್ಲ ಒಟ್ಟಿಗೆ ಸೇರಿ ಹೇಳಿ ಮಾಡಿಸಿದ ಮಾಟದ ಹಾಗಿತ್ತು.

“ಪ್ರಶ್ನೆ ಇಟ್ಟು ನೋಡೋರ ಹತ್ರ ಕೇಳ್ಸ್ದೆ,” ಎಂದಳು ಅಕ್ಕ. “ಅವ್ರ ಜೀವ ತೆಗ್ದದ್ದು ಇದೇ, ಹತ್ತಿರದ ಹೆಂಗಸಿನ ಕೈ ಅಂದ್ರು. ಅವಳು ಬಿಟ್ರೆ ನಂಗೆ ಹತ್ತಿರದೋರು ಯಾರಿದ್ರು? ಆ ಸರ್ವೆಯವ್ರಿಗೆ ಕರ್ದು ಕರ್ದು ನೀರು ಕೊಡ್ತಿದ್ಲು. ಕಂಡಿದ್ದೆ ನಾನು. ಆಗ ತಿಳಿಲಿಲ್ಲ.”

ಆಚೆ ಮನೆಯ ಬಾಗಿಲು ಹಗಲಿನಲ್ಲೂ ಹಾಕಿತ್ತು. ಅಕ್ಕ ಒಲೆ ಹಚ್ಚಿದ ಲಕ್ಷಣ ಕಾಣಲಿಲ್ಲ, ರವಿಕೆ ಹೆಗಲಿನಿಂದ ಜಾರುವಷ್ಟು ಇಳಿದುಹೋಗಿದ್ದಳು. ಹೀಗೇ ಬಿಟ್ಟರೆ ಇವಳು ಉಳಿಯುವುದಿಲ್ಲ ಎಂದು ಭಯವಾಯಿತು. ಭಯದ ಜೊತೆಗೆ ಸಿಟ್ಟೂ ಬಂತು, ನನಗೆ ಎರಡೂ ಒಟ್ಟಿಗೇ ಬರುವುದು.

“ಸಾಕು, ಬಾಯಿ ಮುಚ್ಚು. ಆ ಡಬ್ಬಿ ನಂದು,” ಎಂದೆ.

ಅವಳು ನಂಬಲಿಲ್ಲ. ಬಾಜೂಮನೆಯಾಕೆಯನ್ನು ಉಳಿಸಲು ಸುಳ್ಳು ಹೇಳುತ್ತಿದ್ದೇನೆ ಎಂದಳು. ನಾನು ಫೋನ್ ತೆಗೆದು ಆಟದ ಪುಟ ತೋರಿಸಿದೆ, ಭೂಪಟ ತೋರಿಸಿದೆ. ಕೊನೆಗೆ ಆ ಫೋಟೋ ತೆಗೆದೆ. ಭಾವನೇ ಸಾಕ್ಷಿ ಹೇಳಿದರೆ ಮುಗಿಯಿತಲ್ಲ, ಇನ್ನೇನು ಬೇಕು ಎಂದುಕೊಂಡಿದ್ದೆ. ಅಕ್ಕ ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿದಳು. ಗಂಡನ ಮುಖ ನೋಡಿದಳು, ಕೆನ್ನೆಗೆ ಒತ್ತಿಕೊಂಡಿದ್ದ ಕಪ್ಪು ಡಬ್ಬಿ ನೋಡಿದಳು.

“ಅವ್ರ ಕೈಲೇ ಇಡ್ಸಿದ್ಯಾ?” ಎಂದಳು.

“ಅಯ್ಯೋ ಕರ್ಮವೇ, ಅದು ಆಟ ಅಕ್ಕ!”

“ಆಟಕ್ಕೆ ಗೊಂಬೆ ಎಂತಕ್ಕೆ? ದಾರ ಎಂತಕ್ಕೆ?”

“ನಾ ಹಾಕಿದ್ದಲ್ಲ. ಬಂದವ್ರು ಯಾರೋ ಹಾಕಿದ್ದು.”

“ಯಾರು?”

“ಯಾರಿಗೆ ಗೊತ್ತು? ಎಲ್ಲೆಲ್ಲಿಂದಲೋ ಬರ್ತಾರೆ.”

“ನಂಗೆ ಎಂತಕ್ಕೆ ಹೇಳ್ಲಿಲ್ಲ?”

“ಭಾವನೇ ಹೇಳ್ಬೇಡ ಅಂದ್ರು.”

ಹೇಳಿದ್ದೆಲ್ಲ ನಿಜ. ಒಂದೊಂದು ನಿಜಕ್ಕೂ ಅವಳ ಮುಖ ಇನ್ನಷ್ಟು ಗಟ್ಟಿಯಾಗುತ್ತಾ ಹೋಯಿತು. ಡಬ್ಬಿ ಯಾರದ್ದು ಎಂಬ ಪ್ರಶ್ನೆ ಮಾತ್ರ ಅವಳಲ್ಲಿ ಬಾಕಿ ಇತ್ತು, ಡಬ್ಬಿ ಏನು ಮಾಡಿತು ಎಂಬುದರಲ್ಲಿ ಸಂಶಯವೇ ಇರಲಿಲ್ಲ. ಅದು ನನಗೆ ಹೊಳೆಯುವಷ್ಟರಲ್ಲಿ ಅವಳು ಎದ್ದು ಹೋಗಿ ದಣಪೆಯ ಮುಳ್ಳನ್ನು ಬರಿಗೈಯಲ್ಲಿ ಕಿತ್ತು ಎಸೆಯುತ್ತಿದ್ದಳು. ದಾಟಿ ಹೋಗಿ ಆಚೆಯ ಬಾಗಿಲು ಬಡಿದಳು. ಬಾಗಿಲು ತೆರೆಯಿತು. ಇಬ್ಬರೂ ಗಟ್ಟಿಯಾಗಿ ಅಳುವುದು ನನಗೆ ಜಗಲಿಯವರೆಗೂ ಕೇಳಿತು. ನಾನು ಕತ್ತಲಾಗುವವರೆಗೂ ಕೂತಿದ್ದೆ. ಯಾರೂ ಕರೆಯಲಿಲ್ಲ. ಸ್ಕೂಟರ್ ಹತ್ತಿ ಬಂದೆ.

ಅಕ್ಕ ಆಮೇಲೆ ನನ್ನ ಫೋನ್ ಎತ್ತಲಿಲ್ಲ. ಒಂದು ಸಂಜೆ ಕೂತು ಆ ಡಬ್ಬಿಯ ಪುಟವನ್ನು ಶಾಶ್ವತವಾಗಿ ಮುಚ್ಚಿದೆ. ಮುಚ್ಚುವಾಗ ಕಾರಣ ಬರೆಯಬೇಕು. ‘ಡಬ್ಬಿ ಇಲ್ಲ, ಯಾರೂ ಆ ಮನೆಯ ಹತ್ತಿರ ಹೋಗಬೇಡಿ’ ಎಂದು ಬರೆದೆ. ಹಿಂದೆ ಬಂದವರು ಬರೆದದ್ದೆಲ್ಲ ಕೆಳಗೆ ಇತ್ತು. ಜಗಲಿಯಲ್ಲಿ ಪೇಪರ್ ತಲೆಕೆಳಗಾಗಿ ಹಿಡಿದು ಓದುತ್ತಿದ್ದ ಅಂಕಲ್ ನಮಗೆ ಕಣ್ಣಲ್ಲೇ ಜಾಗ ತೋರಿಸಿದರು ಎಂದು ಯಾರೋ ಪುಣೆಯವರು ಬರೆದಿದ್ದರು. ಓದಿದೆ. ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತಲ್ಲ ಎಂದು ಕಾದೆ, ಆಗಲೂ ಅನ್ನಿಸಲಿಲ್ಲ. ಎದ್ದು ಅನ್ನಕ್ಕಿಟ್ಟೆ. ಮುಂದಿನ ಭಾನುವಾರಗಳಲ್ಲಿ ಉಳಿದ ಡಬ್ಬಿಗಳನ್ನೂ ಒಂದೊಂದಾಗಿ ತೆಗೆದುಕೊಂಡು ಬಂದೆ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಬಾಜೂಮನೆಯಾಕೆ ನಾನಿದ್ದಲ್ಲಿಗೇ ಬಂದಳು. ನಾನು ರಕ್ತಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಅವಳಿಗೆ ಶುಗರ್ ನೋಡಿಸಬೇಕಿತ್ತು. ನನ್ನ ಎದುರಿನ ಕುರ್ಚಿಯಲ್ಲೇ ಕೂತಳು. ಅಕ್ಕ ಹೇಗಿದ್ದಾಳೆ ಎಂದು ಕೇಳಿದೆ.

“ಅಡ್ಡಿಲ್ಲ. ಈಗ ಉಣ್ತಾಳೆ. ರಾತ್ರಿ ನಮ್ಮನೇಲೇ ಮಲಗ್ತಾಳೆ.”

ಅಷ್ಟು ತಿಂಗಳಲ್ಲಿ ಮೊದಲ ಸಲ ಎದೆ ಹಗುರವಾಯಿತು. ನನಗೆ ಬೇಕಾಗಿದ್ದುದು ಅದೇ. ಅಕ್ಕ ನನ್ನನ್ನು ಏನೆಂದುಕೊಂಡರೂ ಇವಳಿಗೆ ನಿಜ ಗೊತ್ತಿದೆಯಲ್ಲ ಎಂಬ ಸಮಾಧಾನವೂ ಇತ್ತು. ಆ ಮಂದಿಗೆ ನೀರು ಕೊಟ್ಟವಳು, ಅವರು ಪಾಗಾರದ ಹತ್ತಿರ ನಗಾಡುವುದನ್ನು ಕಂಡವಳು. ಮಾಡದ ತಪ್ಪಿಗೆ ಹೆಸರು ಕೆಡಿಸಿಕೊಳ್ಳುವುದು ಎಂದರೆ ಏನೆಂದು ಇವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದೆ.

ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಪಕ್ಕದವರಿಗೆ ಕೇಳದ ಹಾಗೆ ಮುಂದಕ್ಕೆ ಬಗ್ಗಿದಳು.

“ಒಂದು ಕೇಳ್ತೆ, ಬೇಜಾರ್ ಮಾಡ್ಕಬೇಡ,” ಎಂದಳು. “ಎಂತಕ್ಕೆ ಮಾಡ್ದೆ ತಂಗಿ? ಭಾವ ನಿಂಗೆ ಎಂತ ಮಾಡಿದ್ರು?”

ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ನನ್ನ ಮೇಲೆ ಮರುಕವಿತ್ತು. ನಾನು ಉತ್ತರ ಕೊಡುವ ಮೊದಲೇ ಅವಳು ತೋಳನ್ನು ಹಿಂದಕ್ಕೆಳೆದುಕೊಂಡು, ಕಟ್ಟಿದ ಪಟ್ಟಿಯನ್ನು ತಾನೇ ಬಿಚ್ಚಿ ಮೇಜಿನ ಮೇಲೆ ಇಟ್ಟಳು.

“ರಕ್ತ ಆ ಹುಡುಗಿ ತೆಗೀಲಿ,” ಎಂದಳು.

ನಾನು ಪಕ್ಕದ ಮೇಜಿನವಳನ್ನು ಕರೆದೆ. ಹೆಸರು ಬರೆದಿದ್ದ ಟ್ಯೂಬನ್ನು ಅವಳ ಕೈಗೆ ಕೊಟ್ಟು, ಮುಂದಿನವರನ್ನು ಬರಹೇಳಿದೆ.