ತಾನೇ ಮೂರು ಗೆರೆ ಎಳೆಯುತ್ತಿದ್ದ ಬೋರ್ಡು

ಪುಷ್ಪಾ ಮಿಸ್ ಇರುವುದು ಶಿವಮೊಗ್ಗದ ಗೋಪಾಳದಲ್ಲಿ. ಗಣಿತ ಹೇಳಿಕೊಡುವುದು ಭದ್ರಾವತಿಯ ಜನ್ನಾಪುರದ ಕಡೆಯ ನಮ್ಮ ಹೈಸ್ಕೂಲಿನಲ್ಲಿ. ದಿನಾ ಎರಡು ಬಸ್ಸು ಹತ್ತಿ ಬರುತ್ತಾರೆ. ವಯಸ್ಸು ಐವತ್ತೇಳು. ಬ್ಯಾಗಿನಲ್ಲಿ ಊಟದ ಡಬ್ಬಿಯ ಪಕ್ಕ ಇನ್ನೊಂದು ಪುಟ್ಟ ಸ್ಟೀಲ್ ಡಬ್ಬಿ ಇರುತ್ತದೆ. ಅದರಲ್ಲಿ ಸೀಮೆಸುಣ್ಣ. ಶಾಲೆಯಲ್ಲಿ ಕೊಡುವ ಸೀಮೆಸುಣ್ಣ ಬರೆಯುವುದಕ್ಕಿಂತ ಹೆಚ್ಚು ಉದುರುತ್ತದೆ ಎಂದು ಅವರೇ ತರುತ್ತಾರೆ. ಅವರು ಮೊದಲು ಕೆಲಸಕ್ಕೆ ಸೇರಿದ್ದು ಆಯನೂರಿನ ಹತ್ತಿರದ ಒಂದು ಶಾಲೆಗೆ. ಅಲ್ಲಿ ಬೋರ್ಡಿನ ಕಂಪಾಸು ಮುರಿದಿತ್ತಂತೆ. ಆಗಿನಿಂದ ಬರಿಗೈಯಲ್ಲೇ ವೃತ್ತ ಬರೆಯುತ್ತಾರೆ. ನಾವು ದಾರ ಹಿಡಿದು ಅಳೆದು ನೋಡಿದ್ದೇವೆ. ತಪ್ಪು ಬಂದಾಗಲೆಲ್ಲ ದಾರದ್ದೇ ತಪ್ಪಾಗಿರುತ್ತಿತ್ತು.

ಇಷ್ಟು ಚೆನ್ನಾಗಿ ಪಾಠ ಮಾಡುವವರನ್ನು ಸುಮ್ಮನೆ ಪಾಠ ಮಾಡಲು ಬಿಟ್ಟರೆ ದೇಶ ಮುಂದುವರಿಯುವುದಿಲ್ಲ. ಹಾಗಾಗಿ ಹೋದ ವರ್ಷ ನವರಾತ್ರಿಯ ಹೊತ್ತಿಗೆ ನಮ್ಮ ಹತ್ತನೇ ತರಗತಿಗೆ ಸ್ಮಾರ್ಟ್ ಬೋರ್ಡು ಬಂತು. ಬೆರಳಲ್ಲಿ ಮುಟ್ಟಿದರೆ ಬರೆಯುವ, ಬಾಗಿಲಿನಷ್ಟು ಅಗಲದ ಬೋರ್ಡು. ಅದನ್ನು ಎಲ್ಲಿ ಹಾಕಬೇಕು ಎಂದು ಹೆಡ್ ಮಾಸ್ಟರ್ ರೇಣುಕಾಪ್ರಸಾದ್ ಸಾರ್ ಎರಡು ದಿನ ಯೋಚಿಸಿದರು. ಎಡಗಡೆಯ ಗೋಡೆ ಪೂರ್ತಿ ಖಾಲಿ ಇತ್ತು, ಪ್ಲಗ್ ಪಾಯಿಂಟ್ ಕೂಡ ಅಲ್ಲೇ ಇತ್ತು. ಆದ್ದರಿಂದ ಅದನ್ನು ಬಿಟ್ಟು ಕರಿಹಲಗೆಯ ನಟ್ಟನಡುವೆ ನಾಲ್ಕು ತೂತು ಕೊರೆಸಿ ಬೋಲ್ಟು ಹಾಕಿಸಿದರು.

"ಮಿಸ್ಸೇ, ಎದುರಿಗಿದ್ರೆ ತಾನೇ ಮಕ್ಕಳ ಗಮನ ಅದ್ರ ಮೇಲೆ ಇರೋದು?" ಎಂದರು.

"ನಾನು ಎಲ್ಲಿ ಬರೀಲಿ ಸಾರ್?"

"ಇನ್ನೂ ಬರೀತೀರಾ ನೀವು?" ಎಂದು ಸಾರ್ ಕನಿಕರದಿಂದ ನೋಡಿದರು.

ಆಯುಧಪೂಜೆಯ ದಿನ ಬೋರ್ಡಿಗೂ ಪೂಜೆ ಆಯಿತು. ಸಾರ್ ಸ್ನಾನ ಮಾಡಿ ಮಡಿಯಲ್ಲಿ ಬಂದು, ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಬೋರ್ಡಿನ ಎಡಚೌಕಟ್ಟಿಗೆ ಮೂರು ಪಟ್ಟೆ, ಕೆಳಚೌಕಟ್ಟಿಗೆ ಮೂರು ಪಟ್ಟೆ ಎಳೆದರು. ಕಾಯಿ ಒಡೆದರು. ನಮಗೆಲ್ಲ ಮಂಡಕ್ಕಿ ಸಿಕ್ಕಿತು. ಡಿಜಿಟಲ್ ಶಿಕ್ಷಣದಿಂದ ನಮಗೆ ಆದ ಮೊದಲ ಲಾಭ ಅದು. ಬಹಳ ದಿನದವರೆಗೆ ಕೊನೆಯದೂ ಅದೇ.

ಯಾಕೆಂದರೆ ರಜೆ ಮುಗಿದು ಬೋರ್ಡಿನ ಸ್ವಿಚ್ಚು ಹಾಕಿದಾಗ ಅದು ತಾನೇ ಬರೆಯತೊಡಗಿತು. ಯಾರೂ ಮುಟ್ಟದೆ ಮೂರು ಅಡ್ಡಗೆರೆ ನಡುಗುತ್ತಾ ಓಡುವವು. ಪುಟಗಳು ತಾವೇ ಮಗುಚುವವು. ತ್ರಿಕೋನಮಿತಿ ತೆಗೆದರೆ ಭಾರತದ ನಕ್ಷೆ ಬರುವುದು.

"ಹೊಸದಲ್ವಾ, ಹೊಂದಿಕೊಳ್ಳುತ್ತೆ," ಎಂದರು ಸಾರ್. ಹೊಂದಿಕೊಳ್ಳಲಿ ಎಂದು ಪ್ರತಿ ಶುಕ್ರವಾರ ಬೆಳಿಗ್ಗೆ ಹಳೆಯ ಪಟ್ಟೆಯ ಮೇಲೆ ಹೊಸ ವಿಭೂತಿ ಹಚ್ಚಿದರು. ಬೋರ್ಡು ಇನ್ನೂ ಜೋರಾಗಿ ಕುಣಿಯಿತು. ಸಾರ್ ಇನ್ನೂ ದಪ್ಪಗೆ ಹಚ್ಚಿದರು. ಬೋರ್ಡಿನ ಧೂಳನ್ನು ಬೇಕಾದರೆ ಒರೆಸಿ, ದೇವರದ್ದನ್ನು ಮುಟ್ಟಬೇಡಿ ಎಂದು ಆಯಾಗೂ ಹೇಳಿದ್ದರು.

ಆದರೂ ಬೋರ್ಡು ದಿನಾ ಬಳಕೆಯಲ್ಲಿತ್ತು. ಅಂದರೆ, ಬಳಕೆಯ ಫೋಟೋವನ್ನು ದಿನಾ ಶಿವಮೊಗ್ಗದ ಕಚೇರಿಗೆ ಕಳಿಸಬೇಕಿತ್ತು, ಕಳಿಸುತ್ತಿದ್ದರು. ಮೂರು ಗೆರೆ ಶುರುವಾಗುವ ಮೊದಲು ಒಂದು ಅರ್ಧ ನಿಮಿಷ ಸಿಗುತ್ತಿತ್ತು. ಅಷ್ಟರಲ್ಲಿ ಒಬ್ಬ ವಿದ್ಯಾರ್ಥಿನಿ ಬೆರಳು ತೋರಿಸಿ ನಿಲ್ಲಬೇಕು, ಸಾರ್ ಫೋಟೋ ತೆಗೆಯಬೇಕು. ಮಾತಾಡುವುದಿಲ್ಲ, ಅಲ್ಲಾಡುವುದಿಲ್ಲ ಎಂದು ನನ್ನನ್ನೇ ನಿಲ್ಲಿಸುತ್ತಿದ್ದರು. ನಾನು ಜನವರಿಯಲ್ಲಿ ಶಾಲೆ ಬಿಟ್ಟೆ. ಫೋಟೋದಲ್ಲಿ ಬಿಡಲಿಲ್ಲ. ಹಳೆಯದನ್ನೇ ತಿರುಗಿಸಿ ತಿರುಗಿಸಿ ಕಳಿಸುತ್ತಿದ್ದರು ಎಂದು ತಂಗಿ ಸಿರಿ ಹೇಳಿದಳು. ಅವಳು ಈ ವರ್ಷ ಅದೇ ತರಗತಿಯಲ್ಲಿದ್ದಾಳೆ. ದಾಖಲೆಯ ಪ್ರಕಾರ ನಾನು ಶಾಲೆ ಬಿಟ್ಟ ಮೇಲೆಯೇ ಹೆಚ್ಚು ಕಲಿತಿದ್ದೇನೆ.

ಪ್ರತಿ ಫೋಟೋದ ಕೆಳಗೂ ಬೋರ್ಡಿನ ಜವಾಬ್ದಾರಿ ಹೊತ್ತ ಶಿಕ್ಷಕಿ ಎಂದು ಪುಷ್ಪಾ ಮಿಸ್ ಹೆಸರಿತ್ತು. ಅವರು ಮಾತ್ರ ಕರಿಹಲಗೆಯಲ್ಲಿ ಎಡಕ್ಕೆ ಒಂದು ಮೊಳ, ಬಲಕ್ಕೆ ಒಂದು ಮೊಳ ಉಳಿದಿದ್ದ ಜಾಗದಲ್ಲಿ ಪಾಠ ಮಾಡುತ್ತಿದ್ದರು. ಪ್ರಮೇಯದ ದತ್ತ, ಸಾಧನೀಯ ಎಡಕ್ಕೆ. ಸಾಧನೆ ಬಲಕ್ಕೆ. ನಡುವೆ ಸ್ಮಾರ್ಟ್ ಬೋರ್ಡು. ನಾವು ಬಸ್ಸು ಬರುವ ದಾರಿ ನೋಡುವವರಂತೆ ಆ ಕಡೆ ಈ ಕಡೆ ಕತ್ತು ತಿರುಗಿಸಿ ಗಣಿತ ಕಲಿತೆವು.

ಈ ನವೆಂಬರಿನಲ್ಲಿ ಶಿವಮೊಗ್ಗದಿಂದ ಪ್ರಸನ್ನಕುಮಾರ್ ಎಂಬ ಅಧಿಕಾರಿ ಫೋನು ಮಾಡಿದರು. ಒಂದು ದಿನವೂ ತಪ್ಪದೆ ಫೋಟೋ ಕಳಿಸಿದ ಶಾಲೆ ನಮ್ಮದೊಂದೇ. ಮುಂದಿನ ವಾರ ಬಂದು ಒಂದು ಪಾಠ ನೋಡುತ್ತಾರೆ. ನೋಡಿದ ಮೇಲೆ ಪುಷ್ಪಾ ಮಿಸ್ಸನ್ನು ಶಿವಮೊಗ್ಗಕ್ಕೆ ಕರೆಸಿಕೊಂಡು, ಮಾರ್ಚ್ ಕೊನೆಯವರೆಗೆ ಬೇರೆ ಶಿಕ್ಷಕರಿಗೆ ತರಬೇತಿ ಕೊಡಿಸುತ್ತಾರೆ.

"ಮನೆ ಹತ್ರಾನೇ ಆಯ್ತಲ್ಲ ಮಿಸ್ಸೇ!" ಎಂದರು ಹೆಡ್ ಮಾಸ್ಟರು.

"ಟೆಂತ್‌ಗೆ ಗಣಿತ ಯಾರು ಸಾರ್?"

"ವೀರೇಂದ್ರ ಇದಾನಲ್ಲ."

ವೀರೇಂದ್ರ ಸಾರ್ ಪಿ.ಟಿ. ಮಾಸ್ಟರು, ಒಳ್ಳೆಯವರು. ಹಿಂದೊಮ್ಮೆ ಮಿಸ್ ಎರಡು ತಿಂಗಳು ಬೇರೆ ಡ್ಯೂಟಿಗೆ ಹೋದಾಗ ಅವರೇ ಗಣಿತ ತೆಗೆದುಕೊಂಡಿದ್ದರು. ಲೆಕ್ಕ ಬರದವರನ್ನು ಗ್ರೌಂಡು ಸುತ್ತಿಸಿದರು. ಆ ವರ್ಷ ಗಣಿತದಲ್ಲಿ ಹನ್ನೊಂದು ಮಂದಿ ಫೇಲಾದರು. ಆರೋಗ್ಯ ಮಾತ್ರ ಎಲ್ಲರದ್ದೂ ಚೆನ್ನಾಗಿತ್ತು. ಮಿಸ್ ಆ ಹನ್ನೊಂದು ಹೆಸರನ್ನು ಈಗಲೂ ಒಂದೂ ತಪ್ಪದೆ ಹೇಳುತ್ತಾರೆ.

ಹಾಗಾಗಿ ಅವರ ಮುಂದೆ ಇದ್ದದ್ದು ಎರಡೇ ದಾರಿ. ಬೋರ್ಡು ಕುಣಿದರೆ, ಸುಳ್ಳು ಫೋಟೋಗಳಿಗೆ ಅವರ ಹೆಸರಿಗೆ ನೋಟಿಸು, ಅದರ ಹಿಂದೆ ಸಸ್ಪೆನ್ಷನ್ನು. ಬೋರ್ಡು ಸರಿಯಾದರೆ, ಸನ್ಮಾನ ಮಾಡಿ ತರಗತಿಯಿಂದ ಎಬ್ಬಿಸಿಕೊಂಡು ಹೋಗುತ್ತಾರೆ. ಮಾರ್ಚಿನ ಪರೀಕ್ಷೆಗೆ ಮಕ್ಕಳ ಜೊತೆ ಇರಲು ಎರಡರಲ್ಲೂ ಜಾಗವಿರಲಿಲ್ಲ.

ಅದೇ ವಾರ ಮಿಸ್ಸಿಗೆ ಒಂದು ವಿಷಯ ಕಂಡಿತು. ಫೋನು ಬರುವ ಮೊದಲು ಹೆಡ್ ಮಾಸ್ಟರು ತಂಗಿಯ ಮಗಳ ಮದುವೆಗೆಂದು ಹೋಗಿ ಹತ್ತು ದಿನ ಬಂದಿರಲಿಲ್ಲ. ಒಂದು ಶುಕ್ರವಾರ ವಿಭೂತಿ ತಪ್ಪಿತ್ತು. ಎಡಚೌಕಟ್ಟಿನ ಕೆಳಗಿನ ಪಟ್ಟೆ ಒಣಗಿ ಉದುರಿತ್ತು. ಬೋರ್ಡು ಹಾಕಿದರೆ ಎರಡೇ ಗೆರೆ! ಮಿಸ್ ಸ್ಕೇಲು ಹಿಡಿದು ಅಳೆದರಂತೆ. ಗೆರೆ ಇದ್ದ ಎತ್ತರವೂ ಪಟ್ಟೆ ಇದ್ದ ಎತ್ತರವೂ ಒಂದೇ. ಬೋರ್ಡಿನ ಅಂಚಿನೊಳಗೆ ಕಣ್ಣಿಗೆ ಕಾಣದ ಬೆಳಕು ಹರಿಯುತ್ತದೆ, ಅದಕ್ಕೆ ಅಡ್ಡ ಬಂದದ್ದನ್ನೆಲ್ಲ ಬೆರಳು ಎಂದುಕೊಳ್ಳುತ್ತದೆ ಎಂದು ಸಿರಿಗೆ ವಿವರಿಸಿದರು. ಒಂದು ವರ್ಷದಿಂದ ಆ ಬೋರ್ಡನ್ನು ಬಿಡದೆ ಮುಟ್ಟುತ್ತಿದ್ದದ್ದು ವಿಭೂತಿ.

"ಹೆಡ್ ಮಾಸ್ಟರಿಗೆ ಹೇಳೋಣ್ವಾ ಮಿಸ್?"

"ಸುಮ್ನಿರು ಮಾರಾಯ್ತಿ. ಸ್ವಲ್ಪ ಯೋಚನೆ ಮಾಡ್ತೀನಿ."

ಅಧಿಕಾರಿ ಬಂದದ್ದು ಶುಕ್ರವಾರ. ನಾನು ಟಿ.ಸಿ. ಕೇಳಲು ಹೋದವಳು ವರಾಂಡದ ಕಿಟಕಿಯ ಹತ್ತಿರ ನಿಂತಿದ್ದೆ. ಮುಂದಿನದು ನಾನೇ ಕಂಡದ್ದು. ಹೆಡ್ ಮಾಸ್ಟರು ಆ ದಿನದ ಮಹತ್ವಕ್ಕೆ ತಕ್ಕಂತೆ ವಿಭೂತಿಯನ್ನು ಗೋಡೆಗೆ ಸಿಮೆಂಟು ಮೆತ್ತಿದಂತೆ ಮೆತ್ತಿದ್ದರು. ಬೋರ್ಡು ಹಾಕಿದ ಕೂಡಲೇ ಮೂರು ಗೆರೆ ಎದ್ದು ಓಡಿದವು.

"ಏನ್ರೀ ಇದು?" ಎಂದರು ಪ್ರಸನ್ನಕುಮಾರ್.

"ಸಮಾಂತರ ರೇಖೆಗಳು ಸಾರ್," ಎಂದರು ಹೆಡ್ ಮಾಸ್ಟರು. ಅವರ ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿತ್ತು.

ಭಾರತದ ನಕ್ಷೆ ಬಂತು. ಮಕ್ಕಳು ಅದಕ್ಕೂ ಚಪ್ಪಾಳೆ ತಟ್ಟಿದರು, ಹಾಗೆ ಹೇಳಿಕೊಟ್ಟಿದ್ದರು.

ಪುಷ್ಪಾ ಮಿಸ್ ಎದ್ದು, ಒದ್ದೆ ಬಟ್ಟೆಯನ್ನು ಮೊದಲು ಕಣ್ಣಿಗೆ ಒತ್ತಿಕೊಂಡು, ಆಮೇಲೆ ಚೌಕಟ್ಟನ್ನು ಒರೆಸಿದರು. ಒಂದು ಪಟ್ಟೆ ಹೋಯಿತು, ಒಂದು ಗೆರೆ ಹೋಯಿತು. ಎರಡನೆಯದು. ಮೂರನೆಯದು. ಕೆಳಚೌಕಟ್ಟಿನ ಪಟ್ಟೆಗಳೂ ಹೋದ ಮೇಲೆ ಬೋರ್ಡು ಶಾಂತವಾಯಿತು. ಮಿಸ್ ಬೆರಳಿನಿಂದ ಒಂದು ವೃತ್ತ ಬರೆದರು. ಪ್ರಸನ್ನಕುಮಾರ್ ಕುರ್ಚಿಯಿಂದ ಎದ್ದರು.

"ವಾಹ್ ಮೇಡಂ! ನೀವು ಸೋಮವಾರಾನೇ ಶಿವಮೊಗ್ಗಕ್ಕೆ ಬರ್ಬೇಕು."

"ನಾನು ಬರೋ ಹಾಗಿಲ್ಲ ಸಾರ್. ನಾನು ಒಂದು ವರ್ಷದಿಂದ ಇದ್ರಲ್ಲಿ ಒಂದು ಪಾಠಾನೂ ಮಾಡಿಲ್ಲ. ನೋಡಿ, ನಾನು ಬರೆಯೋದು ಇಲ್ಲಿ," ಎಂದು ಬಲಗಡೆಯ ಒಂದು ಮೊಳ ತೋರಿಸಿದರು. "ಜಾಗ ಆರಿಸಿದ್ದು, ದಿನಾ ಫೋಟೋ ತೆಗೆದಿದ್ದು, ಕಳಿಸಿದ್ದು ಎಲ್ಲಾ ನಮ್ಮ ಹೆಡ್ ಮಾಸ್ಟರು. ನನ್ನದು ಹೆಸರು ಮಾತ್ರ. ನೋಟಿಸು ಕೊಡೋದಿದ್ರೆ ಕೊಡಿ ಸಾರ್, ಉತ್ತರ ಬರೀತೀನಿ. ಮಾರ್ಚ್ ತನಕ ಈ ಮಕ್ಕಳನ್ನ ಬಿಟ್ಟು ಹೋಗಲ್ಲ."

ಅಧಿಕಾರಿ ಕುರ್ಚಿಯಲ್ಲಿ ಕುಳಿತು ಯೋಚಿಸಿದರು. ಪಾಪ, ಅವರಿಗೂ ಕಷ್ಟವಿತ್ತು. ಆ ಫೋಟೋಗಳನ್ನು ಅವರು ಆಗಲೇ ಮೇಲಿನವರಿಗೆ ಕಳಿಸಿ ಶಭಾಷ್ ಅನ್ನಿಸಿಕೊಂಡಿದ್ದರು. ಈಗ ಸುಳ್ಳು ಎಂದು ಬರೆದರೆ ಶಭಾಷನ್ನು ವಾಪಸು ಕೊಡಬೇಕು. ತರಬೇತಿಗೆ ಯಾರಾದರೂ ಒಬ್ಬರು ಹೋಗಲೇಬೇಕು.

"ಫೋಟೋ ಎಲ್ಲಾ ತೆಗೆದಿದ್ದು ನೀವೇನಾ?" ಎಂದು ಹೆಡ್ ಮಾಸ್ಟರನ್ನು ಕೇಳಿದರು.

ರೇಣುಕಾಪ್ರಸಾದ್ ಸಾರ್ ಅಧಿಕಾರಿಯನ್ನು ನೋಡಿದರು, ಬೋರ್ಡನ್ನು ನೋಡಿದರು. ಅಲ್ಲ ಎಂದರೆ ಇನ್ನೊಂದು ಪ್ರಶ್ನೆ ಬರುತ್ತದೆ. "ಹೌದು ಸಾರ್, ನಾನೇ," ಎಂದರು.

"ಹಾಗಾದ್ರೆ ನೀವೇ ಬನ್ನಿ."

ಹೀಗೆ ನಮ್ಮ ಹೆಡ್ ಮಾಸ್ಟರು ಈಗ ಶಿವಮೊಗ್ಗದಲ್ಲಿ ಶಿಕ್ಷಕರಿಗೆ ಡಿಜಿಟಲ್ ಸಾಕ್ಷರತೆ ಕಲಿಸುತ್ತಿದ್ದಾರೆ. ಅವರ ಬ್ಯಾಗಿನಲ್ಲಿ ವಿಭೂತಿ ಗಟ್ಟಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಾನು ಬರೆಯುವುದಿಲ್ಲ. ಪುಷ್ಪಾ ಮಿಸ್ಸಿಗೆ ನೋಟಿಸು ಮಾತ್ರ ಬಂತು: ಅಧಿಕಾರಿಯ ಎದುರು ಅಧಿಕ ಪ್ರಸಂಗ ಮಾಡಿದ್ದಕ್ಕೆ. ಅವರು ಬಸ್ಸಿನಲ್ಲೇ ಉತ್ತರ ಬರೆದು ಮುಗಿಸಿದರು.

ಹೆಡ್ ಮಾಸ್ಟರ ಜಾಗ ನೋಡಿಕೊಳ್ಳಲು ಬಂದವರು ವೀರೇಂದ್ರ ಸಾರ್. ಮಿಸ್ ಕೇಳಿದ ಕೂಡಲೇ ಅವರೇ ಸ್ಪ್ಯಾನರ್ ತಂದು, ಬೋಲ್ಟು ಬಿಚ್ಚಿ, ಇಬ್ಬರು ಮೇಷ್ಟ್ರುಗಳ ಜೊತೆ ಹೊತ್ತು ಬೋರ್ಡನ್ನು ಎಡಗೋಡೆಗೆ ಹಾಕಿದರು. ಈಗ ಮಿಸ್ ಅದರಲ್ಲಿ ಶಂಕುವನ್ನು ತಿರುಗಿಸಿ ತೋರಿಸುತ್ತಾರಂತೆ. "ಚೆನ್ನಾಗಿ ಕಾಣುತ್ತೆ. ಕಾಣಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ," ಎಂದರಂತೆ ಸಿರಿಗೆ.

ಕರಿಹಲಗೆಯ ನಡುವೆ ನಾಲ್ಕು ತೂತು ಉಳಿದಿವೆ. ಮೊದಲ ದಿನವೇ ಮಿಸ್ ಅವಕ್ಕೆ ಎ, ಬಿ, ಸಿ, ಡಿ ಎಂದು ಹೆಸರಿಟ್ಟು, ಗೆರೆ ಕೂಡಿಸಿ, ಕೆಳಗೆ ದತ್ತ, ಸಾಧನೀಯ, ಸಾಧನೆಯನ್ನು ಒಂದೇ ಕಡೆ ಬರೆದರು. ಯಾರೂ ಕತ್ತು ತಿರುಗಿಸಬೇಕಾಗಲಿಲ್ಲ ಎಂದು ಸಿರಿ ಮನೆಗೆ ಬಂದು ಹೇಳಿದಳು.