ಮೂರನೆಯ ರಂಧ್ರ

ಅರವತ್ತರ ದಶಕದ ಆರಂಭದಲ್ಲಿ, ಪದವಿ ಮುಗಿಸಿದೊಡನೆ ಮಧುಗಿರಿಯ ಕ್ಷಯ ಚಿಕಿತ್ಸಾ ಕಚೇರಿಯೊಂದರಲ್ಲಿ ಗುಮಾಸ್ತನಾದೆ. ಶಿರಾ, ಕೊರಟಗೆರೆ, ಪಾವಗಡಗಳ ರೋಗಿಗಳ ಕಾರ್ಡುಗಳೂ ಅಲ್ಲಿಯೇ ಇದ್ದವು. ಅವುಗಳನ್ನು ಒಂದು ಉಕ್ಕಿನ ಸೂಜಿ ಓದುತ್ತಿತ್ತು. ಪ್ರತಿ ಕಾರ್ಡಿನ ಮೇಲಂಚಿನಲ್ಲಿ ಸಾಲಾಗಿ ರಂಧ್ರಗಳು, ಒಂದೊಂದಕ್ಕೂ ಒಂದೊಂದು ಅರ್ಥ. ರೋಗಿಗೆ ಯಾವ ಅರ್ಥ ಸಲ್ಲುತ್ತದೆಯೋ ಆ ರಂಧ್ರವನ್ನು ಅಂಚಿನವರೆಗೆ ಕತ್ತರಿಸಿ ಬಾಯಿ ತೆರೆಯುತ್ತಿದ್ದೆವು. ಕಾರ್ಡುಗಳ ಕಟ್ಟಿನ ಒಂದು ರಂಧ್ರಕ್ಕೆ ಸೂಜಿ ತೂರಿಸಿ ಎತ್ತಿದರೆ ಕತ್ತರಿಸಿದವು ಮೇಜಿಗೆ ಬೀಳುತ್ತಿದ್ದವು. ಉಳಿದವು ಸೂಜಿಯಲ್ಲಿ ನೇತಾಡುತ್ತಿದ್ದವು.

ಒಂದು ಬೇಸಿಗೆಯಲ್ಲಿ ಮೇಲಿನಿಂದ ಹೊಸ ಪದ್ಧತಿ ಬಂತು. ನಮ್ಮ ಅಧಿಕಾರಿಗಳು ರಂಧ್ರಗಳ ಅರ್ಥದ ಹೊಸ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಹಳೆಯದನ್ನು ಬೀರುವಿಗೆ ಹಾಕಿದರು. ಮಟಮಟ ಮಧ್ಯಾಹ್ನ, ಮೂರನೆಯ ರಂಧ್ರಕ್ಕೆ ಸೂಜಿ ತೂರಿಸಿದೆ. ಹೊಸ ಪಟ್ಟಿಯಲ್ಲಿ ಅದರ ಅರ್ಥ: ಮೃತರು.

ಕಾರ್ಡುಗಳು ಬೀಳತೊಡಗಿದವು. ಕೈ ಅಲುಗಿಸದೆ ನಿಂತರೂ ಒಂದೊಂದಾಗಿ ಬೀಳುತ್ತಲೇ ಇದ್ದವು. ಬಗ್ಗಿ ನೋಡಿದರೆ ಎಲ್ಲವೂ ಹೆಂಗಸರವು, ಎಲ್ಲರೂ ಹರೆಯದವರು. ಗೋಡೆಯ ಪಟ್ಟಿಯನ್ನು ಮತ್ತೊಮ್ಮೆ ನೋಡಿದೆ: ಮೃತರು. ಅವನ್ನು ಕೆಂಪು ದಾರದಲ್ಲಿ ಕಟ್ಟಿಟ್ಟು, ಗುಳಿಗೆ ಕಳುಹಿಸಬೇಕಾದವರ ಪಟ್ಟಿಯಿಂದ ಅಷ್ಟೂ ಹೆಸರುಗಳನ್ನು ಹೊಡೆದು ಹಾಕಿದೆ. ಆ ಗೀಟುಗಳು ನನ್ನವೇ.

ಎರಡು ತಿಂಗಳ ನಂತರ ಗೌಡಗೆರೆಯಿಂದ ಒಬ್ಬಳು ಕೂಸನ್ನೆತ್ತಿಕೊಂಡು ಬಂದಳು.

“ನಾನು ಸತ್ತೋಗಿದ್ದೀನಂತೆ ಸಾಮಿ. ಗುಳಿಗೆ ಕೊಡೋ ಕಾಂಪೌಂಡರಪ್ಪ ಅಂಗಂದ.”

ಹಿರಿಯ ಗುಮಾಸ್ತರು ನಕ್ಕರು. “ಸತ್ತೋಳು ಬಸ್ಸತ್ತಿ ಹೆಂಗಮ್ಮ ಬಂದ್ಬುಟ್ಟೆ?”

“ಕಂಡಕ್ಟರು ಪೂರ್ತಿ ಚಾರ್ಜೇ ತಗಂಡ ಕಣಣ್ಣ. ಸತ್ತೋಳು ಅಂತ ಬುಟ್ಬುಟ್ಟನಾ?” ಎಂದವಳೇ ಕೆಮ್ಮಿದಳು. ಸೆರಗಿನಲ್ಲಿ ರಕ್ತ ಕಂಡು ಗುಮಾಸ್ತರ ನಗೆ ನಿಂತಿತು. “ಬಾಣಂತನಕ್ಕೆ ಅಂತ ನಮ್ಮವ್ವನ ಮನೇಗ್ ಹೋಗಿದ್ದೆ, ಅಷ್ಟೇಯ.”

ಬೀರುವಿನಿಂದ ಹಳೆಯ ಪಟ್ಟಿಯನ್ನು ಹೊರತೆಗೆದೆ. ಮೂರನೆಯ ರಂಧ್ರ: ತವರಿನಲ್ಲಿದ್ದಾರೆ, ಗುಳಿಗೆಯನ್ನು ಅಲ್ಲಿಗೆ ಕಳುಹಿಸಿ. ಹೆರಿಗೆಗೆ ತವರಿಗೆ ಹೋದವರನ್ನೆಲ್ಲ ಹೊಸ ಪದ್ಧತಿ ಕೊಂದಿತ್ತು. ಹಳೆಯ ಕಾರ್ಡುಗಳ ಗತಿಯೇನೆಂದು ಅದನ್ನು ರೂಪಿಸಿದವರು ಕೇಳಿಕೊಂಡಿರಲಿಲ್ಲ. ನಾನೂ ಕೇಳಿರಲಿಲ್ಲ.

ಅವಳಿಗೆ ಅಂದೇ ಗುಳಿಗೆ ಕೊಟ್ಟೆವು. ಕತ್ತರಿಸಿದ ಬಾಯಿಗಳಿಗೆಲ್ಲ ಗೋಂದಿನ ಕಾಗದ ಅಂಟಿಸಿ, ಒಣಗಿದ ಮೇಲೆ ಮತ್ತೆ ಸೂಜಿ ತೂರಿಸಿದೆ. ಹೆಂಗಸರೆಲ್ಲ ಮೇಲೆದ್ದರು. ಪೊಟ್ಟಣಗಳು ಊರೂರಿಗೆ ಹೊರಟವು.

ವೈ.ಎನ್. ಹೊಸಕೋಟೆಯ ಒಂದು ಪೊಟ್ಟಣ ಮಾತ್ರ ಹಿಂದಿರುಗಿತು. ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು: ಹೋದ ತಿಂಗಳು ತೀರಿಕೊಂಡರು. ಅವಳ ಗುಳಿಗೆ ಅದಕ್ಕೂ ಮೊದಲೇ ನಿಂತಿತ್ತು.

“ಸೂಜಿ ಈಗ ಸರಿಹೋಯಿತಲ್ಲ. ಅವಳದೊಂದನ್ನು ಕತ್ತರಿಸಿ, ಮುಗಿಸಿಬಿಡಿ” ಎಂದರು ಅಧಿಕಾರಿಗಳು.

“ಹೆಸರು ಹೊಡೆದವನು ನಾನು. ಹೊಡೆಯಲು ಹೇಳಿದ ಪಟ್ಟಿ ಯಾರದು ಎಂದು ಬರವಣಿಗೆಯಲ್ಲಿ ತಿಳಿಸಿ ಸಾರ್. ಆಮೇಲೆ ಕತ್ತರಿಸುತ್ತೇನೆ.”

ಉತ್ತರ ಬರಲಿಲ್ಲ, ನಾನು ಕತ್ತರಿಸಲಿಲ್ಲ. ಹಿಂದಿರುಗಿದ ಪ್ರತಿ ಪೊಟ್ಟಣಕ್ಕೂ ಕಾರಣ ಬರೆದು ಅಧಿಕಾರಿಗಳೇ ಸಹಿ ಮಾಡಬೇಕೆಂಬ ನಿಯಮವಿತ್ತು. ನಾನು ಆ ಕಚೇರಿಯಲ್ಲಿದ್ದಷ್ಟು ಕಾಲ, ಸೂಜಿ ಎತ್ತಿದಾಗಲೆಲ್ಲ ಅವಳ ಕಾರ್ಡು ಬದುಕಿರುವವರ ಜೊತೆ ಮೇಲೇಳುತ್ತಿತ್ತು. ಪೊಟ್ಟಣ ಹೊಸಕೋಟೆಗೆ ಹೋಗುತ್ತಿತ್ತು, ಹಿಂದಿರುಗುತ್ತಿತ್ತು. ಅಧಿಕಾರಿಗಳು ಅವಳ ಹೆಸರಿನ ಮುಂದೆ ‘ಮೃತರು’ ಎಂದು ಬರೆದು ಸಹಿ ಹಾಕುತ್ತಿದ್ದರು, ಪ್ರತಿ ತಿಂಗಳೂ ಹೊಸದಾಗಿ.